ಅಲ್ಬಾಳ ತಟ್ಟೆ

"ಈ ಮಗುವಿಗೆ ಯಾರೋ ಗೋಧಿ ತಿನ್ನಿಸ್ತಾ ಇದ್ದಾರೆ. ಒಂದು ದಿನ ಎರಡು ದಿನ ಅಲ್ಲ, ಹೆಚ್ಚುಕಮ್ಮಿ ದಿನಾ," ಎಂದರು ಡಾಕ್ಟರ್ ಪಾರೋಡಿ, ರಕ್ತಪರೀಕ್ಷೆಯ ಕಾಗದವನ್ನು ನಮ್ಮ ಕಡೆ ತಿರುಗಿಸಿ.

ಪಕ್ಕದ ಕುರ್ಚಿಯಲ್ಲಿದ್ದ ನನ್ನ ಸೊಸೆ ಮಾನುವೆಲಾ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ನಮ್ಮಿಬ್ಬರ ನಡುವೆ ನನ್ನ ಮೊಮ್ಮಗಳು ಅಲ್ಬಾ ಕಾಲಾಡಿಸುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಯ ಕಾಲೇ ಅವು? ಕಾಲುಚೀಲ ನಿಲ್ಲಲೂ ಅಲ್ಲಿ ಮಾಂಸವಿರಲಿಲ್ಲ.

ಅವಳ ಹೊಟ್ಟೆಗೆ ಗೋಧಿಯ ಅಂಟು ಆಗಿಬರುವುದಿಲ್ಲವೆಂದು ಗೊತ್ತಾಗಿ ಆಗಲೇ ಒಂದು ವರ್ಷವಾಗಿತ್ತು. ಅದಕ್ಕೆ ಮದ್ದಿಲ್ಲ, ಮಾತ್ರೆಯಿಲ್ಲ. ಗೋಧಿ, ಬಾರ್ಲಿ ಸೋಕದಂತೆ ನೋಡಿಕೊಂಡರೆ ಕರುಳು ತಾನೇ ಸುಧಾರಿಸಿಕೊಳ್ಳುತ್ತದೆ ಎಂದು ಇದೇ ಡಾಕ್ಟರು ಹೇಳಿದ್ದರು. ವರ್ಷವಿಡೀ ಸೋಕಿಸಿರಲಿಲ್ಲ. ಆದರೂ ಕಾಗದದ ಮೇಲಿನ ಅಂಕಿ ಇಳಿದಿರಲಿಲ್ಲ, ಇಳಿದದ್ದು ಮಗುವಿನ ತೂಕ, ಎರಡು ಕಿಲೋ.

"ಹೀಗೇ ಆದ್ರೆ ಬೆಳವಣಿಗೆ ನಿಂತುಹೋಗುತ್ತೆ. ಈಗಿನ ಎತ್ತರಾನೇ ಕೊನೆ ಎತ್ತರ ಆಗ್ಬಹುದು," ಎಂದು ಡಾಕ್ಟರು ಕನ್ನಡಕ ತೆಗೆದರು. "ಮನೇಲಿ ಅಡುಗೆ ಯಾರು ಮಾಡೋದು?"

"ಮಧ್ಯಾಹ್ನ ನಾನು. ರಾತ್ರಿ ಇವಳು," ಎಂದೆ. 'ಇವಳು' ಎನ್ನುವಾಗ ನನ್ನ ದನಿ ಎಲ್ಲಿ ಭಾರವಾಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಮಾನುವೆಲಾಳಿಗೂ ಗೊತ್ತಾಯಿತು.

ನನ್ನ ಮೇಲೆ ಯಾರು ಸಂಶಯಪಡಬೇಕು ಹೇಳಿ? ನಮ್ಮೂರ ಬಂದರಿನಲ್ಲಿ ಬೆಸ್ತರು ಉಣ್ಣುವ ಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು ನಾನು. ಈ ಯೊಲಾಂಡಾ ಮಾಡಿದ ಆಂಚೊವಿ ಮೀನು ತಿನ್ನಲು ಜೆನೋವಾದಿಂದ ರೈಲು ಹತ್ತಿ ಬರುತ್ತಿದ್ದರು. ಮಗುವಿನ ಕಾಯಿಲೆ ಗೊತ್ತಾದ ವಾರವೇ ಮನೆಯ ಅಡುಗೆಯನ್ನು ಬುಡಮೇಲು ಮಾಡಿದೆ. ಎರಡು ಮಣೆ, ಎರಡು ಬಾಣಲೆ, ಎರಡು ಸೌಟು. ಅಲ್ಬಾಳ ಸೌಟಿನ ಹಿಡಿಗೆ ಕೆಂಪು ದಾರ ಸುತ್ತಿದೆ. ಆಂಚೊವಿಯ ಹೊಟ್ಟೆಗೆ ತುಂಬಲು ಬ್ರೆಡ್ಡಿನ ಪುಡಿಯ ಬದಲು ಬಾದಾಮಿ ಕುಟ್ಟಿದೆ. ಕಡಲೆಹಿಟ್ಟಿನ ತೆಳು ರೊಟ್ಟಿ ಫರಿನಾತಾವನ್ನು ಅಂಗಡಿಯಿಂದ ತರುವುದು ನಿಲ್ಲಿಸಿದೆ, ಅವರ ಒಲೆಯಲ್ಲಿ ಗೋಧಿಹಿಟ್ಟು ಹಾರಾಡುತ್ತದೆಂದು. ಮನೆಯಲ್ಲೇ ನಮ್ಮದೇ ತಗಡಿನಲ್ಲಿ ಸುಟ್ಟೆ. ಗೋಧಿ ಪಾಸ್ತಾದ ಜಾಗಕ್ಕೆ ಸೌತೆಯಂಥ ಜುಕಿನಿಯನ್ನು ಸಿಪ್ಪೆ ಹೆರೆಯುವ ಕತ್ತಿಯಲ್ಲಿ ರಿಬ್ಬನಿನಂತೆ ಹೆರೆದು, ಮೇಲೆ ನಮ್ಮ ಹಸಿರು ಚಟ್ನಿ ಪೆಸ್ಟೊ ಕಲಸಿ ಕೊಟ್ಟೆ. ಸುಟ್ಟ ಬೊಂಡಾಸ್ ಮೀನು, ನಿಂಬೆರಸ, ಹಸಿ ಸೋಂಪಿನ ಗಡ್ಡೆ, ನಮ್ಮ ಗುಡ್ಡದ ಆಲಿವ್ ಎಣ್ಣೆ. ಇದಕ್ಕಿಂತ ಹಗುರವಾದ, ಶುದ್ಧವಾದ ಊಟ ಯಾವ ಮಗುವಿಗೆ ಸಿಗುತ್ತದೆ?

ನನಗೂ ಸಕ್ಕರೆ ಕಾಯಿಲೆ. ಪಾಸ್ತಾ, ಬ್ರೆಡ್ಡು ಕಡಿಮೆ ಮಾಡು ಎಂದು ಡಾಕ್ಟರು ಹತ್ತು ವರ್ಷದಿಂದ ಬಡಕೊಳ್ಳುತ್ತಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೊಮ್ಮಗಳಿಗಾಗಿ ಒಂದೇ ದಿನದಲ್ಲಿ ಬಿಟ್ಟೆ. ಅವಳ ತಟ್ಟೆಯಲ್ಲಿದ್ದುದೇ ನನ್ನ ತಟ್ಟೆಯಲ್ಲಿ. ನನ್ನ ಸಕ್ಕರೆ ಇಳಿಯಿತು, ಸೊಂಟ ಸಣ್ಣಗಾಯಿತು, ಚರ್ಚಿನ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತತೊಡಗಿದೆ. ಮನೆಯಲ್ಲಿ ಪಾಸ್ತಾ ತಿನ್ನುವವನು ಒಬ್ಬನೇ ಉಳಿದ, ನನ್ನ ಮಗ ಫುಲ್ವಿಯೊ. ದೋಣಿ ಎಂಜಿನ್ ರಿಪೇರಿ ಮಾಡುವ ಗಂಡಸು, ಮಧ್ಯಾಹ್ನ ಒಂದು ತಟ್ಟೆ ಪಾಸ್ತಾ ಇಲ್ಲದಿದ್ದರೆ ಅವನ ಕೈ ಓಡುವುದಿಲ್ಲ. ಅವನಿಗೆ ಬೇರೆ ಪಾತ್ರೆ, ಬೇರೆ ಒಲೆ.

ಹಾಗಿದ್ದ ಮೇಲೆ ಗೋಧಿ ಎಲ್ಲಿಂದ ಬಂತು? ನನಗೆ ಲೆಕ್ಕ ಸರಳವಾಗಿತ್ತು. ನಾನಲ್ಲ ಎಂದ ಮೇಲೆ ಉಳಿದವಳು ಅವಳೇ.

ಮಾನುವೆಲಾ ನಮ್ಮ ಕಡಲ ಕಡೆಯವಳಲ್ಲ. ಉತ್ತರದ ಕಾರ್ನಿಯಾ ಬೆಟ್ಟದವಳು, ಅಲ್ಲಿ ಮುಸುಕಿನ ಜೋಳದ ಮುದ್ದೆ ಮಾಡಿ ಅದಕ್ಕೆ ಚೀಸ್ ಸುರಿದುಕೊಂಡು ತಿನ್ನುತ್ತಾರೆ. ಅಂಚೆ ಕಚೇರಿಯ ಕೆಲಸಕ್ಕೆ ಇಲ್ಲಿಗೆ ಬಂದು ನನ್ನ ಮಗನ ಕಣ್ಣಿಗೆ ಬಿದ್ದಳು. ಹನ್ನೆರಡು ವರ್ಷವಾದರೂ ಮೀನಿನ ಮುಳ್ಳು ತೆಗೆಯುವಾಗ ಮುಖ ಕಿವುಚುತ್ತಾಳೆ. ನನ್ನ ಅಡುಗೆಮನೆಗೆ ಅವಳನ್ನು ನಾನು ಬಿಟ್ಟುಕೊಂಡದ್ದಿಲ್ಲ. ಭಾನುವಾರವೂ ಅಷ್ಟೇ, "ನೀನು ತಟ್ಟೆ ಇಡು ಹೋಗು" ಎಂದು ಬಾಗಿಲಲ್ಲೇ ತಡೆಯುತ್ತಿದ್ದೆ. ಅವಳ ರಾತ್ರಿಯ ಅಡುಗೆಯೆಂದರೆ ಎರಡು ಮೊಟ್ಟೆ, ಒಂದು ಹಿಡಿ ಸೊಪ್ಪು.

ಆಸ್ಪತ್ರೆಯಿಂದ ಬಂದ ಮರುದಿನದಿಂದ ನಾನು ಅಲ್ಬಾಳನ್ನು ವಿಚಾರಿಸತೊಡಗಿದೆ. ಶಾಲೆಯಿಂದ ಬಂದು, ಉಂಡು, ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಮಲಗುತ್ತಿದ್ದಳಲ್ಲ, ಆಗ ಪಕ್ಕದಲ್ಲಿ ಕೂತು ಕೇಳುತ್ತಿದ್ದೆ.

"ನಿಜ ಹೇಳು ಪುಟ್ಟಿ, ಅಮ್ಮ ಏನಾದ್ರೂ ಕೊಟ್ಳಾ?"

"ಇಲ್ಲ ಅಜ್ಜಿ."

"ಬೆಳಿಗ್ಗೆ ಅಂಚೆ ಕಚೇರಿಗೆ ಹೋಗ್ತಾ ನಿನ್ನ ಶಾಲೆಗೆ ಬಿಡ್ತಾಳಲ್ಲ, ದಾರೀಲಿ? ಒಂದು ಬಿಸ್ಕತ್ತು? ನಾನು ಬಯ್ಯಲ್ಲ."

"ಇಲ್ಲ."

ಮಾರನೇ ದಿನವೂ ಕೇಳಿದೆ, ಅದರ ಮಾರನೇ ದಿನವೂ. ಐದನೆಯ ದಿನ ಅವಳು ಗೋಡೆಯ ಕಡೆ ಹೊರಳಿಕೊಂಡು, "ಹೂಂ, ಕೊಟ್ಳು," ಎಂದಳು.

"ಬಿಸ್ಕತ್ತಾ?"

"ಹೂಂ."

ಸಿಕ್ಕಿಬಿದ್ದಳಲ್ಲ ಎಂದು ನನಗೆ ಆದ ಸಮಾಧಾನವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಫುಲ್ವಿಯೊ ಬರುವವರೆಗೂ ತಾಳ್ಮೆಯಿರಲಿಲ್ಲ, ದೋಣಿ ರಿಪೇರಿಯ ಶೆಡ್ಡಿಗೇ ನಡೆದುಹೋಗಿ ಹೇಳಿದೆ. ಒಂದಿದ್ದದ್ದನ್ನು ನಾಲ್ಕು ಮಾಡಿ ಹೇಳಿದೆ.

ಆ ಸಂಜೆ ಮನೆಯಲ್ಲಿ ಗುಡುಗಿತು. "ನಾನು ಕೊಟ್ಟಿಲ್ಲ," ಎಂದಳು ಮಾನುವೆಲಾ. "ಮಗು ಸುಳ್ಳು ಹೇಳುತ್ತಾ?" ಎಂದ ಫುಲ್ವಿಯೊ. ಅವಳು ಅಲ್ಬಾಳನ್ನು ನೋಡಿದಳು, ಅಲ್ಬಾ ತಲೆ ತಗ್ಗಿಸಿದಳು. ಅಷ್ಟು ಸಾಕಾಯಿತು. ನನ್ನ ಮಗ ಅಂದಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳ ಕೈಚೀಲವನ್ನು ಅವಳ ಎದುರಿಗೇ ತೆರೆದು ನೋಡಿದ ದಿನವೂ ಇತ್ತು. ನಾನು ಅದನ್ನು ತಡೆಯಲಿಲ್ಲ.

ಎರಡು ವಾರ ಕಳೆದ ಮೇಲೆ ಮಾನುವೆಲಾ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಕಾಲಿಡಲಿಲ್ಲ.

"ಜೂನ್‌ನಲ್ಲಿ ಶಾಲೆ ಮುಗಿದ ಮೇಲೆ ಅಲ್ಬಾನ ನಮ್ಮಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ ಅತ್ತೆ. ವರ್ಗಾವಣೆಗೂ ಅರ್ಜಿ ಹಾಕಿದ್ದೀನಿ. ಅಲ್ಲಿಗೆ ಹೋದಾಗೆಲ್ಲ ಅವಳ ಹೊಟ್ಟೆನೋವು ನಿಲ್ಲುತ್ತೆ, ಗಮನಿಸಿದ್ದೀರಾ?"

"ಅಲ್ಲಿ ಬೆಟ್ಟದ ಗಾಳಿ. ಅದಕ್ಕೆ ಹಸಿವು," ಎಂದೆ. "ಕದ್ದು ತಿನ್ನಿಸೋರು ಎಲ್ಲಿದ್ರೂ ತಿನ್ನಿಸ್ತಾರೆ. ನನ್ನ ಮೊಮ್ಮಗಳನ್ನ ಎಲ್ಲಿಗೂ ಕಳಿಸಲ್ಲ ನಾನು."

"ಅತ್ತೆಗೊಂದು ಕಾಲ ಇರುತ್ತೆ ಅಂತಾರೆ," ಎಂದಳು ಅವಳು ತಣ್ಣಗೆ, "ಮುಗಿಯೋದು ಯಾವಾಗ ಅಂತ ಯಾರೂ ಹೇಳಲ್ಲ."

ಇಷ್ಟು ನಾಲಿಗೆ ಬಂತೇ ಈ ಮುದ್ದೆಯವಳಿಗೆ ಎಂದು ನನಗೆ ಉರಿದುಹೋಯಿತು. ಮಗುವನ್ನು ಉಳಿಸಿಕೊಳ್ಳಬೇಕಾದರೆ ಊರಿನವರೇ ನನ್ನ ಪಕ್ಷಕ್ಕೆ ನಿಲ್ಲಬೇಕು ಎಂದು ಆಗಲೇ ನಿರ್ಧರಿಸಿದೆ.

ನಮ್ಮ ಸುತ್ತಿನ ಊರುಗಳಲ್ಲಿ ಗೋಧಿ ಆಗದ ಮಕ್ಕಳು ಇಪ್ಪತ್ತು ಇಪ್ಪತ್ತೈದು ಇದ್ದಾರೆ. ಅವರ ಅಮ್ಮಂದಿರು ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಸೇರಿ ಅಡುಗೆಯ ಮಾತಾಡುತ್ತಾರೆ. ಪಾದ್ರಿ ದೋನ್ ಚೆಲೆಸ್ತೆಯವರ ಹತ್ತಿರ ಹೋಗಿ, ಮೇ ತಿಂಗಳ ಸಭೆಯಲ್ಲಿ ನಾನೇ ಅಡುಗೆ ಮಾಡಿ ತೋರಿಸುತ್ತೇನೆ ಎಂದೆ. "ಒಂದೇ ಅಡುಗೆಮನೆ, ಎರಡು ಊಟ. ಗಂಡಸಿಗೆ ಪಾಸ್ತಾ, ಮಗುವಿಗೆ ಮಗುವಿನದು. ಒಂದು ಕಣ ಆ ಕಡೆಯಿಂದ ಈ ಕಡೆ ಹೋಗಬಾರದು. ಅದು ಹೇಗೆ ಅಂತ ಈಗಿನ ಹುಡುಗೀರಿಗೆ ಗೊತ್ತಿಲ್ಲ ಫಾದರ್." ಅವರು ಸಂತೋಷದಿಂದ ಒಪ್ಪಿದರು. ಮಾನುವೆಲಾಳನ್ನು ನಾನೇ ಬಲವಂತ ಮಾಡಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಅವಳು ಕಲಿಯಲಿ, ಎಲ್ಲರೂ ಅವಳನ್ನು ನೋಡಲಿ, ಎರಡೂ ನನ್ನ ಮನಸ್ಸಿನಲ್ಲಿತ್ತು.

ಇಪ್ಪತ್ತೆರಡು ಹೆಂಗಸರು ಬಂದಿದ್ದರು. ವೇದಿಕೆಯ ಮೇಲೆ ಉದ್ದದ ಮೇಜು, ಎರಡು ಗ್ಯಾಸ್ ಒಲೆ. ಎಡಗಡೆಯ ಒಲೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಪಾಸ್ತಾ ಕುದಿಯಲಿಟ್ಟೆ. ಬಲಗಡೆ ಮಗುವಿನ ಬಾಣಲೆ.

"ನೋಡಿ ಮಕ್ಕಳೇ," ಎಂದು ಶುರುಮಾಡಿದೆ, "ಇದು ಈ ಮಣೆ, ಅದು ಆ ಮಣೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಬ್ಬರು ಸವತಿಯರು ಅಂದ್ಕೊಳ್ಳಿ."

ನಕ್ಕರು. ನನಗೆ ಹುರುಪು ಬಂತು. ಜುಕಿನಿ ಹೆರೆದು ಉಪ್ಪು ಸವರಿ ಇಟ್ಟೆ. ಬೊಂಡಾಸನ್ನು ಬಿಸಿ ಬಾಣಲೆಗೆ ಹಾಕಿ, ಮಗುಚಿ, ಎರಡೇ ನಿಮಿಷದಲ್ಲಿ ತೆಗೆದೆ. "ಮೂರನೇ ನಿಮಿಷಕ್ಕೆ ಅದು ಚಪ್ಪಲಿ ಆಗುತ್ತೆ," ಎಂದೆ. ಕಲ್ಲಿನ ಒರಳಿನಲ್ಲಿ ಬೆಳ್ಳುಳ್ಳಿ, ಪೈನ್ ಬೀಜ, ತುಳಸಿಯಂಥ ನಮ್ಮ ಬೇಸಿಲ್ ಎಲೆ, ಚೀಸ್, ಎಣ್ಣೆ. ಅರೆಯುತ್ತಾ ಅರೆಯುತ್ತಾ ಮಾತಾಡಿದೆ. ಮಕ್ಕಳಿಗೆ ಕದ್ದು ತಿಂಡಿ ಕೊಡುವ ತಾಯಂದಿರ ಬಗ್ಗೆ ಮಾತಾಡಿದೆ. ಪ್ರೀತಿ ಎಂದುಕೊಂಡು ವಿಷ ಕೊಡುತ್ತಾರೆ ಎಂದೆ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಹಿಂದಿನ ಸಾಲಿನವರು ಕತ್ತು ಚಾಚಿ ಮಾನುವೆಲಾಳ ಬೆನ್ನು ನೋಡುತ್ತಿದ್ದರು.

ಪೆಸ್ಟೊವನ್ನು ಬಟ್ಟಲಿಗೆ ತೆಗೆದೆ, ತಿಳಿ ಮಾಡಿದೆ, ಜುಕಿನಿಯ ಮೇಲೆ ಸುರಿದು ಎರಡು ಚಮಚದಲ್ಲಿ ಎತ್ತಿ ಎತ್ತಿ ಕಲಸಿ, ಕೊನೆಗೆ ಇನ್ನಷ್ಟು ಸಡಿಲಿಸಿದೆ. ಹಸಿರು ರಿಬ್ಬನುಗಳಿಗೆ ಪೆಸ್ಟೊ ಹೇಗೆ ಅಂಟಿಕೊಂಡಿತೆಂದರೆ ಪಾಸ್ತಾವೇ ನಾಚಬೇಕು. "ಇದು ನನ್ನ ಅಲ್ಬಾಳ ತಟ್ಟೆ," ಎಂದು ಎಡಗೈಯಲ್ಲಿ ಎತ್ತಿ ತೋರಿಸಿದೆ. ಇಪ್ಪತ್ತೆರಡು ಹೆಂಗಸರು ಚಪ್ಪಾಳೆ ತಟ್ಟಿದರು.

ಇಪ್ಪತ್ತೊಂದು. ಮುಂದಿನ ಸಾಲಿನಲ್ಲಿ ಮಾನುವೆಲಾ ಎದ್ದು ನಿಂತಿದ್ದಳು.

"ಅತ್ತೆ, ಪೆಸ್ಟೊಗೆ ಹಾಕಿದ್ರಲ್ಲ ನೀರು, ಅದು ಯಾವ ಪಾತ್ರೇದು?"

"ಯಾವ ನೀರೇ?"

"ಈಗ ಹಾಕಿದ್ರಲ್ಲ. ಒಂದು ಸೌಟು."

"ನಾನೆಲ್ಲಿ ನೀರು ಹಾಕಿದೆ?" ಎಂದೆ. ದೇವರಾಣೆ, ನನಗೆ ಗೊತ್ತಿರಲಿಲ್ಲ. ಅವಳು ನನ್ನ ಬಲಗೈ ನೋಡಿದಳು. ನಾನೂ ನೋಡಿದೆ.

ಕೈಯಲ್ಲಿ ಪಾಸ್ತಾದ ಸೌಟಿತ್ತು. ಅದರಿಂದ ಬೆಳ್ಳಗಿನ ನೀರು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕೆಂಪು ದಾರದ ಸೌಟು ತನ್ನ ಜಾಗದಲ್ಲೇ ಒಣಗಿ ಮಲಗಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಜಡೆ ಹಾಕುವುದಕ್ಕಿಂತ ಮೊದಲು ಕಲಿಸುವ ಪಾಠ ಅದು. ಪೆಸ್ಟೊ ಗಟ್ಟಿಯಾಗಿದ್ದರೆ ಕುದಿಯುವ ಪಾಸ್ತಾದ ನೀರು ಒಂದು ಸೌಟು. ಅದರಲ್ಲಿ ಹಿಟ್ಟಿನ ಜಿಗುಟಿರುತ್ತದೆ, ಅದೇ ಹಿಡಿದು ಅಂಟಿಸುವುದು. ನನ್ನ ತಾಯಿ ಹಾಗೆ ಮಾಡುತ್ತಿದ್ದಳು, ಅವಳ ತಾಯಿ ಹಾಗೆ ಮಾಡುತ್ತಿದ್ದಳು. ಅದನ್ನು ಯಾರೂ ಸಾಮಗ್ರಿ ಎಂದು ಎಣಿಸುವುದಿಲ್ಲ. ಯಾರಾದರೂ ಪೆಸ್ಟೊಗೆ ಏನೇನು ಹಾಕಬೇಕೆಂದು ಕೇಳಿದರೆ ಬೇಸಿಲ್, ಬೆಳ್ಳುಳ್ಳಿ, ಎಣ್ಣೆ ಎನ್ನುತ್ತೇವೆ, ನೀರಿನ ಹೆಸರೇ ಬರುವುದಿಲ್ಲ. ಬೊಂಡಾಸಿನ ರಸ ಒಣಗಿದರೂ ಅದೇ ನೀರು, ಮರುವಾಯಿ ಚಿಪ್ಪಿನ ಸಾರು ಗಟ್ಟಿಯಾದರೂ ಅದೇ ನೀರು. ಎರಡು ಮಣೆ, ಎರಡು ಬಾಣಲೆ ಇಟ್ಟು, ಪಕ್ಕದ ಒಲೆಯಿಂದ ದಿನಾ ಒಂದು ಸೌಟು ಗೋಧಿ ಎತ್ತಿ ನನ್ನ ಮೊಮ್ಮಗಳ ತಟ್ಟೆಗೆ ಸುರಿದಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸಭಾಂಗಣದಲ್ಲಿ ಯಾರೋ ಒಬ್ಬಳು ಸಣ್ಣಗೆ ನಕ್ಕಳು. "ಅಯ್ಯೋ, ಬರೀ ನೀರಲ್ವೇನಮ್ಮ ಅದು?"

"ಗೋಧಿ ಬೆಂದ ನೀರು," ಎಂದಳು ಮಾನುವೆಲಾ.

ನಗು ನಿಂತಿತು. ಆಮೇಲೆ ನಾನು ಕಂಡದ್ದು ನನ್ನ ಜೀವ ಇರುವವರೆಗೂ ಮರೆಯುವುದಿಲ್ಲ. ಇಷ್ಟು ಹೊತ್ತು ಇವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರಲ್ಲ, ಕಾಯಿಲೆಯ ಮಕ್ಕಳ ತಾಯಂದಿರು, ಪೊಟ್ಟಣದ ಮೇಲಿನ ಅಕ್ಷರ ಅಕ್ಷರ ಓದುವವರು. ಸೌಟು ಆ ಪಾತ್ರೆಯಿಂದ ಈ ಬಟ್ಟಲಿಗೆ ಹೋದದ್ದು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಬಿದ್ದದ್ದು ಬೆಟ್ಟದಿಂದ ಬಂದವಳ ಕಣ್ಣಿಗೆ ಮಾತ್ರ. ಮೂರನೆಯ ಸಾಲಿನಲ್ಲಿ ಪಿಯೆರಿನಾ ಎಂಬ ಹುಡುಗಿ, ಅವಳ ಮಗನಿಗೆ ಆರು ವರ್ಷ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ನಾನೂ ಹಾಕ್ತೀನಿ," ಎಂದಳು. "ನಾನೂ ದಿನಾ ಹಾಕ್ತೀನಿ."

ಅವಳ ಪಕ್ಕದವಳು ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ಓಡಿದಳು. ನಾನು ವೇದಿಕೆಯ ಅಂಚಿನಲ್ಲೇ ಕೂತುಬಿಟ್ಟೆ. ಮಾನುವೆಲಾ ಮೇಲೆ ಬಂದಳು. ಬಯ್ಯುತ್ತಾಳೆಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಎರಡೂ ಒಲೆ ಆರಿಸಿ, ನನ್ನ ಕೈಯಿಂದ ಸೌಟು ಬಿಡಿಸಿಕೊಂಡು, "ಏಳಿ ಅತ್ತೆ, ಮನೆಗೆ ಹೋಗೋಣ," ಎಂದಳು.

ಮೆಟ್ಟಿಲ ಓಣಿಗಳನ್ನು ಹತ್ತಿ ಮನೆ ಮುಟ್ಟಿದೆವು. ಮನೆಯಲ್ಲಿ ಫುಲ್ವಿಯೊ ಮೇಜಿನ ಬಳಿ ಅಲ್ಬಾಳಿಗೆ ಪಾಠ ಹೇಳಿಕೊಡುತ್ತಿದ್ದ. ನಾನು ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲವೆಂದು ನಿಂತೇ ಎಲ್ಲ ಹೇಳಿದೆ.

"ನೀರಾ?" ಎಂದ ಅವನು. "ಪಾಸ್ತಾ ನೀರಾ?" ಎಂದು ಮತ್ತೆ ಕೇಳಿದ. ಅವನ ಪಾಸ್ತಾ ಬೆಂದ ನೀರು ಅದು. ಆಮೇಲೆ ಹುಬ್ಬು ಗಂಟಿಕ್ಕಿ, "ಹಾಗಾದ್ರೆ ಬಿಸ್ಕತ್ತು?" ಎಂದ.

ಮೂವರೂ ಅಲ್ಬಾಳನ್ನು ನೋಡಿದೆವು. ಅವಳು ಪೆನ್ಸಿಲನ್ನು ಪುಸ್ತಕದ ಮಧ್ಯೆ ಇಟ್ಟಳು.

"ಬಿಸ್ಕತ್ತು ಇರ್ಲಿಲ್ಲ."

"ಮತ್ತೆ ಯಾಕೆ ಹಾಗಂದೆ ಪುಟ್ಟಿ?" ಎಂದೆ.

"ನೀನು ಕೇಳ್ತಾನೇ ಇದ್ದೆ ಅಜ್ಜಿ. ಇಲ್ಲ ಅಂದ್ರೆ ನಾಳೆ ಮತ್ತೆ ಕೇಳ್ತಿದ್ದೆ. ನನಗೆ ಹೊಟ್ಟೆ ನೋಯ್ತಿತ್ತು, ನಿದ್ದೆ ಮಾಡ್ಬೇಕಿತ್ತು. ಹೂಂ ಅಂದ್ಮೇಲೆ ನೀನು ಮುತ್ತು ಕೊಟ್ಟು ಸುಮ್ಮನಾದೆ."

ಇದರ ಮುಂದೆ ಸಭಾಂಗಣದಲ್ಲಿ ಆದದ್ದು ಏನೂ ಅಲ್ಲ. ನೀರು ಹಾಕಿದ್ದು ಕೈ. ಅದು ತಿಳಿಯದೆ ಮಾಡಿತು ಎಂದು ದೇವರ ಮುಂದೆ ಹೇಳಬಲ್ಲೆ. ಆದರೆ ನೋವಿನಲ್ಲಿದ್ದ ಮಗುವನ್ನು ಐದು ದಿನ ಕಾಡಿ, ಹೆತ್ತ ತಾಯಿಯ ಮೇಲೆ ಸುಳ್ಳು ಹೇಳಿಸಿದವಳು ನಾನು, ಕಣ್ಣು ತೆರೆದುಕೊಂಡೇ.

ಮಾನುವೆಲಾ ಮಗುವಿನ ಹತ್ತಿರ ಹೋಗಿ ಅದರ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಫುಲ್ವಿಯೊ ಎದ್ದು, "ಮಾನು," ಎಂದು ಕೈ ಚಾಚಿದ. ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು.

"ಅತ್ತೆ ಕೈ ತಪ್ತು. ಅವರಿಗೆ ಗೊತ್ತಿರ್ಲಿಲ್ಲ. ಮಗುಗೆ ಒಂಬತ್ತು ವರ್ಷ. ಆದ್ರೆ ನಿನಗೆ ನಾನು ಗೊತ್ತಿದ್ದೆ ಫುಲ್ವಿಯೊ. ಹನ್ನೆರಡು ವರ್ಷದಿಂದ ಗೊತ್ತಿದ್ದೆ. ನನ್ನ ಚೀಲ ತೆಗೆದು ನೋಡ್ದೆ."

ಅವನು ನನ್ನ ಕಡೆ ತಿರುಗಿದ. ಚಿಕ್ಕವನಿದ್ದಾಗ ಏನಾದರೂ ಒಡೆದರೆ ಹೀಗೇ ತಿರುಗುತ್ತಿದ್ದ, ಅಮ್ಮ ಏನಾದರೂ ಮಾಡುತ್ತಾಳೆ ಎಂದು. ನನ್ನ ಹತ್ತಿರ ಮಾಡುವಂಥದ್ದು ಏನೂ ಇರಲಿಲ್ಲ. "ನನ್ನ ಮುಖ ನೋಡ್ಬೇಡ ಮಗನೇ," ಎಂದೆ. "ನಾನು ಹೇಳ್ದೆ, ನೀನು ನಂಬ್ದೆ. ನನ್ನ ಪಾಲಿಂದು ನನಗೆ ಸಾಕಾಗಿದೆ."

ಕೋಣೆಗೆ ಹೋಗಿ ಕುರ್ಚಿ ಹಾಕಿ ಹತ್ತಿ, ಕಪಾಟಿನ ಮೇಲಿದ್ದ ದೊಡ್ಡ ಸೂಟ್‌ಕೇಸನ್ನು ಇಳಿಸಿದೆ. ಧೂಳು ಒರೆಸಿ ಮಾನುವೆಲಾಳ ಹಾಸಿಗೆಯ ಮೇಲೆ ತೆರೆದಿಟ್ಟೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಜೂನ್ ತನಕ ಕಾಯ್ಬೇಡ," ಎಂದೆ. "ಮಗು ಇವತ್ತಿಂದಾನೇ ಬೆಳೀಲಿ. ಶಾಲೆಯವರ ಹತ್ತಿರ ನಾನೇ ಮಾತಾಡ್ತೀನಿ. ಕೇಳಿದವರಿಗೆಲ್ಲ ಯಾರ ತಪ್ಪು ಅಂತಾನೂ ನಾನೇ ಹೇಳ್ತೀನಿ."

ಅವಳು ಒಳಗೆ ಬಂದಳು. ಅಲ್ಬಾಳ ಬಟ್ಟೆಯ ಖಾನೆ ತೆರೆದೆ. ಹೋದ ವರ್ಷದ ಅಂಗಿಗಳು ಈ ವರ್ಷವೂ ಅವಳಿಗೆ ಸರಿಹೋಗುತ್ತಿದ್ದವು. ನಾನು ಒಂದೊಂದಾಗಿ ತೆಗೆದುಕೊಟ್ಟೆ, ಮಾನುವೆಲಾ ಮಡಚಿ ಮಡಚಿ ಒಳಗಿಟ್ಟಳು.